ಅವಸರದ ಕ್ರಯ, ನಗದಿನ ಬೆಲೆ

ರಾಷ್ಟ್ರೀಯ ಹೆದ್ದಾರಿ 69 ಮಧುಗಿರಿಯನ್ನು ದಾಟಿ ಪೂರ್ವಕ್ಕೆ ಸಾಗುವಾಗ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕು ತಾಲ್ಲೂಕು ಕೇಂದ್ರಗಳನ್ನು ಒಂದರ ಹಿಂದೊಂದರಂತೆ ಹಾದುಹೋಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಜಮೀನಿನ ಬೆಲೆ ಬಹುಕಾಲ ನೀರಿನ ಮೇಲೆ ನಿಂತಿತ್ತು. ಕೆರೆಯ ಅಚ್ಚುಕಟ್ಟಿನ ಗದ್ದೆಗೆ ಒಂದು ಬೆಲೆ, ಹಿಪ್ಪುನೇರಳೆಗೆ ಸಾಕಾಗುವಷ್ಟು ನೀರಿದ್ದ ಬಾವಿಯ ಹೊಲಕ್ಕೆ ಇನ್ನೊಂದು ಬೆಲೆ, ಮಳೆಯನ್ನೇ ನಂಬಿದ ರಾಗಿ ಹೊಲಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ ಎಂಬುದು ರೂಢಿಯ ಲೆಕ್ಕವಾಗಿತ್ತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ರೂಪುಗೊಂಡಿತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು, ಮತ್ತು ಆ ಬಳಿಕ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಬತ್ತುತ್ತಾ ಹೋದಂತೆ ರಸ್ತೆಯಿಂದ ಜಮೀನಿಗಿರುವ ದೂರವೇ ಬೆಲೆಯ ಮುಖ್ಯ ಅಳತೆಯಾಯಿತು. ಉಳುವವರಿಲ್ಲದೆ ಬೀಳು ಬಿದ್ದ ಎರಡು ಎಕರೆಯನ್ನು ಮಗಳ ಮದುವೆಗೋ, ಆಸ್ಪತ್ರೆಯ ಖರ್ಚಿಗೋ, ಬಡ್ಡಿ ಸಾಲಕ್ಕೋ ತಿಂಗಳೊಳಗೆ ಮಾರಬೇಕಾದ ಕುಟುಂಬ ಇಂದು ಮೊದಲು ಕೇಳುವ ಮಾತು ‘ರೆಡಿ ಕ್ಯಾಶ್ ಪಾರ್ಟಿ ಇದ್ದಾರೆ’ ಎಂಬ ದಲ್ಲಾಳಿಯ ಭರವಸೆ.

ಈ ಮಾತಿಗೆ ಎರಡು ಅರ್ಥಗಳಿವೆ, ಮತ್ತು ಮಾರುವವರ ಸಂಕಟ ಬಹುಪಾಲು ಆ ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಹುಟ್ಟುತ್ತದೆ. ಬ್ಯಾಂಕ್ ಸಾಲವನ್ನು ಕಾಯದೆ, ತನ್ನ ಖಾತೆಯಲ್ಲಿರುವ ಹಣದಿಂದ ಒಂದೇ ಕಂತಿನಲ್ಲಿ ಪೂರ್ತಿ ಮೊತ್ತ ಪಾವತಿಸಬಲ್ಲವನು ಮೊದಲ ಅರ್ಥದ ನಗದು ಖರೀದಿದಾರ. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನಷ್ಟೇ, ಅಂದರೆ ನೋಂದಣಿಗಾಗಿ ಸರ್ಕಾರ ಊರೂರಿಗೆ ನಿಗದಿಪಡಿಸಿದ ಕನಿಷ್ಠ ದರವನ್ನಷ್ಟೇ, ಕಾಣಿಸಿ ಉಳಿದದ್ದನ್ನು ನೋಟಿನ ಕಟ್ಟುಗಳಲ್ಲಿ ಕೊಡುವವನು ಎರಡನೆಯ ಅರ್ಥದವನು. ಮೊದಲನೆಯವನು ಸಿಕ್ಕರೆ ಮಾರುವವರ ಅದೃಷ್ಟ. ಎರಡನೆಯವನಿಂದ ಬರುವ ಅಪಾಯವು ಕೊಳ್ಳುವವನಿಗಿಂತ ಮಾರುವವರ ಮೇಲೆಯೇ ಹೆಚ್ಚಾಗಿ ಬೀಳುವಂತೆ ಕಾನೂನು ರಚಿತವಾಗಿದೆ ಎಂಬ ಸಂಗತಿ ಹಳ್ಳಿಗಳಲ್ಲಿ ತಿಳಿದಿರಬೇಕಾದಷ್ಟು ತಿಳಿದಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಗೆ ತಂದ ಒಂದು ತಿದ್ದುಪಡಿ 2015ರ ಜೂನ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಸ್ಥಿರಾಸ್ತಿಯ ವರ್ಗಾವಣೆಗೆ ಸಂಬಂಧಿಸಿದಂತೆ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು, ಅದು ಮುಂಗಡವೇ ಆಗಿರಲಿ, ವ್ಯಾಪಾರ ಕೊನೆಗೆ ಕುದುರಲಿ ಬಿಡಲಿ, ನಗದಾಗಿ ಪಡೆಯುವಂತಿಲ್ಲ. ಉಲ್ಲಂಘಿಸಿದರೆ ಪಡೆದ ಮೊತ್ತದಷ್ಟೇ ದಂಡವನ್ನು ವಿಧಿಸಬಹುದು, ಮತ್ತು ಆ ದಂಡ ಬೀಳುವುದು ಪಡೆದವರ ಮೇಲೆ, ಎಂದರೆ ಜಮೀನು ಮಾರಿದ ರೈತನ ಮೇಲೆ. ಪತ್ರದಲ್ಲಿ 40 ಲಕ್ಷ ಕಾಣಿಸಿ 30 ಲಕ್ಷವನ್ನು ಚೀಲದಲ್ಲಿ ತಂದುಕೊಟ್ಟ ವ್ಯವಹಾರವನ್ನು ಊಹಿಸಿಕೊಂಡರೆ, ಆ 30 ಲಕ್ಷದ ವಿಷಯ ಬೆಳಕಿಗೆ ಬಂದ ದಿನ ಅಷ್ಟೇ ಮೊತ್ತದ ದಂಡದ ನೋಟಿಸು ಮಾರಿದವರ ಮನೆಗೆ ಬರಬಹುದು. ಕೊಡುವವರಿಗೂ ಪಡೆಯುವವರಿಗೂ ಕೃಷಿ ಆದಾಯ ಮಾತ್ರ ಇದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ಬೇರೆ ಆದಾಯ ಇಲ್ಲದಿದ್ದಾಗ ಕಾಯ್ದೆ ವಿನಾಯಿತಿ ನೀಡುತ್ತದೆ. ಅಕ್ಕಪಕ್ಕದ ಹೊಲದ ಇಬ್ಬರು ಬೇಸಾಯಗಾರರ ನಡುವಿನ ವ್ಯವಹಾರಕ್ಕೆ ಇದು ಒದಗಬಹುದು, ಆದರೆ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಜಮೀನು ನೋಡಿ ಹೋಗುವ ತೆರಿಗೆದಾರನ ಎದುರು ಒದಗುವುದಿಲ್ಲ.

ಈ ನಿಯಮ ಪುಸ್ತಕದಲ್ಲೇ ಉಳಿದಿದೆ ಎಂಬ ಸಮಾಧಾನಕ್ಕೆ 2025ರ ಏಪ್ರಿಲ್ 16ರ ಸುಪ್ರೀಂ ಕೋರ್ಟ್ ತೀರ್ಪು ತೆರೆ ಎಳೆಯಿತು. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಸ್ವಾಧೀನದಲ್ಲಿದ್ದ ಸ್ವತ್ತನ್ನು ತಾವು ಬೇರೊಬ್ಬರಿಂದ ಕೊಳ್ಳಲು 2018ರಲ್ಲಿ ಕರಾರು ಮಾಡಿಕೊಂಡು 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿರುವುದಾಗಿ ಹೇಳಿಕೊಂಡವರು ಸಂಸ್ಥೆಯ ವಿರುದ್ಧ ದಾವೆ ಹೂಡಿದ್ದರು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಆ ದಾವೆಯನ್ನು ಆರಂಭದ ಹಂತದಲ್ಲೇ ತಿರಸ್ಕರಿಸಿ, ಮಾರಾಟದ ಕರಾರಿನಿಂದ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂಬ ಹಳೆಯ ತತ್ವವನ್ನು ಮತ್ತೆ ಎತ್ತಿಹಿಡಿಯಿತು. ಅದಕ್ಕಿಂತ ದೂರಗಾಮಿಯಾದುದು ಪೀಠ ನೀಡಿದ ನಿರ್ದೇಶನ: 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟಿರುವುದಾಗಿ ದಾವೆಯಲ್ಲಿ ಹೇಳಿದ್ದರೆ ನ್ಯಾಯಾಲಯವೂ, ನೋಂದಣಿಗೆ ಬಂದ ಪತ್ರದಲ್ಲಿ ಬರೆದಿದ್ದರೆ ಉಪನೋಂದಣಾಧಿಕಾರಿಯೂ ಆ ಮಾಹಿತಿಯನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ನಗದು ಮುಂಗಡದ ಕರಾರನ್ನು ಹಿಡಿದು ಕೋರ್ಟು ಮೆಟ್ಟಿಲೇರುವ ದಾರಿಯೇ ಹೀಗೆ ತೆರಿಗೆ ಇಲಾಖೆಯ ಬಾಗಿಲಿಗೂ ತಲುಪುತ್ತದೆ.

ನಗದಿನ ವ್ಯವಹಾರಕ್ಕೆ ಮುಂದಿಡುವ ದೊಡ್ಡ ಕಾರಣ ತೆರಿಗೆ ಉಳಿತಾಯ. ಆದರೆ ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಬೇಸಾಯದ ಜಮೀನಿಗೆ ಆ ಕಾರಣವೇ ಅನ್ವಯಿಸುವುದಿಲ್ಲ ಎಂಬುದು ನೋವಿನ ಸಂಗತಿ. ಆದಾಯ ತೆರಿಗೆ ಕಾಯ್ದೆಯಂತೆ ಗ್ರಾಮೀಣ ಕೃಷಿ ಭೂಮಿಯು ‘ಬಂಡವಾಳ ಆಸ್ತಿ’ಯ ವ್ಯಾಖ್ಯೆಯಿಂದ ಹೊರಗಿದ್ದು, ಅದನ್ನು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಯಾವುದು ಗ್ರಾಮೀಣ ಎಂಬುದನ್ನು ಪುರಸಭೆ ಅಥವಾ ನಗರಸಭೆಯ ಗಡಿಯಿಂದ ನೇರ ದೂರದಲ್ಲಿ ಅಳೆಯುತ್ತಾರೆ. ಪಟ್ಟಣದ ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು 1 ಲಕ್ಷ ಮೀರದಿದ್ದರೆ 2 ಕಿಲೋಮೀಟರ್, 1 ಲಕ್ಷ ಮೀರಿ 10 ಲಕ್ಷದವರೆಗೆ 6 ಕಿಲೋಮೀಟರ್, ಅದಕ್ಕೂ ಮೇಲಿದ್ದರೆ 8 ಕಿಲೋಮೀಟರ್. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ನಾಲ್ಕೂ 1 ಲಕ್ಷದ ಒಳಗೇ ಇದ್ದ ಪಟ್ಟಣಗಳು. ಆದ್ದರಿಂದ ಆ ಎಣಿಕೆಯಂತೆ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ಆಚೆಗಿನ ರಾಗಿ ಹೊಲವನ್ನು, ಅದು ಕೃಷಿ ಭೂಮಿಯಾಗಿಯೇ ಉಳಿದಿದ್ದರೆ, ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಸಿ ಬ್ಯಾಂಕಿನ ಮೂಲಕವೇ ಪಡೆದರೂ ಮಾರಿದವರಿಗೆ ಆ ಲಾಭದ ಮೇಲೆ ತೆರಿಗೆ ಬರುವುದಿಲ್ಲ. ಕಟ್ಟಬೇಕಿಲ್ಲದ ತೆರಿಗೆಯನ್ನು ಉಳಿಸುವ ಹೆಸರಿನಲ್ಲಿ ರೈತ ನೋಟಿನ ಚೀಲವನ್ನು ಒಪ್ಪಿಕೊಳ್ಳುತ್ತಾನೆ. ನಿಜವಾಗಿ ಉಳಿತಾಯವಾಗುವುದು ಕೊಳ್ಳುವವನ ಮುದ್ರಾಂಕ ಶುಲ್ಕ ಮತ್ತು ಅವನ ಲೆಕ್ಕ ತೋರದ ಹಣ. ಭೂ ಪರಿವರ್ತನೆಯಾದ, ಜನರು ‘ಡಿಸಿ ಕನ್ವರ್ಷನ್ ಆದದ್ದು’ ಎನ್ನುವ ಜಮೀನು ಮತ್ತು ನಿವೇಶನಗಳಿಗೆ ಈ ವಿನಾಯಿತಿ ಇಲ್ಲ.

ವ್ಯವಹಾರ ತಡವಾಗುವುದು ಹಣದಿಂದ ಎಂಬ ನಂಬಿಕೆಯೂ ಅಷ್ಟೇ ಸಡಿಲವಾದದ್ದು. ಹಣ ಸಿದ್ಧವಿದ್ದ ಖರೀದಿದಾರನೂ ಕಾಯುವುದು ಪಹಣಿಗಾಗಿ, ಎಂದರೆ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯನ್ನು ದಾಖಲಿಸುವ ಹಾಳೆ ಸರಿಯಾಗಲೆಂದು. ಆ ಒಂದು ಹಾಳೆಯನ್ನು ಹತ್ತಿರದಿಂದ ಓದಿದರೆ ಬೆಲೆ ಎಲ್ಲಿ ಸೋರುತ್ತದೆ ಎಂಬುದು ಕಾಣುತ್ತದೆ. ಮೂರನೆಯ ಕಾಲಂನಲ್ಲಿ ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆ ಎಂದಿರುತ್ತದೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 90 ಗುಂಟೆ. ಅದರ ಕೆಳಗೆ ಖರಾಬು 4 ಗುಂಟೆ ಎಂದಿದ್ದರೆ ಸಾಗುವಳಿಗೆ ಉಳಿಯುವುದು 86 ಗುಂಟೆ. ಬಂಡೆ, ಕೊರಕಲುಗಳಂತೆ ಬೇಸಾಯಕ್ಕೆ ಬಾರದ್ದು ‘ಅ’ ಖರಾಬು. ದಾರಿ, ಕಾಲುವೆ, ಸ್ಮಶಾನದಂತೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬ’ ಖರಾಬು, ಇದನ್ನು ಮಾರುವ ಹಕ್ಕು ಜಮೀನಿನ ಒಡೆಯನಿಗಿಲ್ಲ. ಒಂಬತ್ತನೆಯ ಕಾಲಂನಲ್ಲಿ ಒಡೆಯನ ಹೆಸರು. ಅಲ್ಲಿ ತೀರಿಹೋದ ತಾತನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಹನ್ನೊಂದನೆಯ ಕಾಲಂ ಇತರ ಹಕ್ಕು ಮತ್ತು ಋಣಗಳದ್ದು. ಎಂದೋ ತೀರಿಸಿದ ಬೆಳೆ ಸಾಲವೂ ಬ್ಯಾಂಕಿನ ಋಣಮುಕ್ತ ಪತ್ರ ಕೊಟ್ಟು ತೆಗೆಸುವವರೆಗೆ ಅಲ್ಲೇ ಕುಳಿತಿರುತ್ತದೆ, ಕೈಗಾರಿಕಾ ಪ್ರದೇಶಕ್ಕೆಂದು ಹೊರಟ ಭೂಸ್ವಾಧೀನದ ಅಧಿಸೂಚನೆಯೂ ಅಲ್ಲೇ ಕಾಣುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಭೂಸ್ವಾಧೀನದ ಪರ ಮತ್ತು ವಿರೋಧದ ಮಾತುಗಳು ಎದ್ದಿರುವಾಗ, ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ಬಳಿಕ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿರುವಾಗ, ಈ ಕಾಲಂ ಓದದೆ ‘ಹೇಗೂ ಸರ್ಕಾರ ತಗೊಳ್ಳುತ್ತೆ, ಸಿಕ್ಕಷ್ಟಕ್ಕೆ ಕೊಟ್ಟುಬಿಡಿ’ ಎಂಬ ದಲ್ಲಾಳಿಯ ಮಾತಿಗೆ ಮಣಿಯುವುದು ದುಬಾರಿಯಾದೀತು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ 11ಇ ನಕ್ಷೆ ಬೇಕಾಗುತ್ತದೆ. ಮಾರುವ ಭಾಗವನ್ನು ಅಳೆದು, ಗಡಿ ಗುರುತಿಸಿ ಭೂಮಾಪಕರು ಸಿದ್ಧಪಡಿಸುವ ಈ ನಕ್ಷೆಯಿಲ್ಲದೆ ನೋಂದಣಿ ಮುಂದುವರಿಯದು. ಸರ್ಕಾರದಿಂದ ಮಂಜೂರಾದ ಜಮೀನುಗಳ ಪೋಡಿ, ಅಂದರೆ ಹಿಸ್ಸೆಗಳನ್ನು ಅಳೆದು ಬೇರೆ ನಂಬರು ಕೊಡುವ ಕೆಲಸ, ನಡೆಯದೆ ‘ಪಿ ನಂಬರ್’ ಎಂದೇ ಉಳಿದ ಕಡೆಗಳಲ್ಲಿ ತಿಂಗಳುಗಳು ಹೋಗುತ್ತವೆ. ದಲ್ಲಾಳಿ ಬೆಲೆ ಇಳಿಸುವುದು ಇಂಥ ಜಾಗದಲ್ಲೇ. ‘ಪೋಡಿ ಆಗಿಲ್ಲ, ಆದರೂ ನಮ್ಮ ಪಾರ್ಟಿ ತಗೊಳ್ತಾರೆ’ ಎಂಬ ವಾಕ್ಯದ ಬೆಲೆ ಎಕರೆಗೆ ಹಲವು ಲಕ್ಷ. ಅದೇ ಕುಟುಂಬ ಮಾರುವ ಯೋಚನೆ ಬಂದ ದಿನವೇ ಪೌತಿ ಖಾತೆಗೂ ಅಳತೆಗೂ ಅರ್ಜಿ ಹಾಕಿದ್ದರೆ ಆ ಲಕ್ಷಗಳು ಮನೆಯಲ್ಲೇ ಉಳಿಯುತ್ತಿದ್ದವು. ಕಾಗದ ಸಿದ್ಧವಾದ ಮೇಲೆ ನೋಂದಣಿ ಕಷ್ಟದ ಕೆಲಸವಲ್ಲ: ಕಾವೇರಿ 2.0 ತಂತ್ರಾಂಶದಲ್ಲಿ ಕರಡು ಪತ್ರವನ್ನು ಮೊದಲೇ ಸಲ್ಲಿಸಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋಗಬಹುದು. 2024ರಿಂದ ಜಿಲ್ಲೆಯ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಲು ಅವಕಾಶವಿರುವುದರಿಂದ ಚಿಂತಾಮಣಿಯ ಜಮೀನಿನ ಕ್ರಯ ಗೌರಿಬಿದನೂರಿನಲ್ಲೂ ನಡೆಯಬಹುದು.

ನಗದು ಖರೀದಿದಾರರಲ್ಲಿ ಇನ್ನೊಂದು ಬಗೆಯವರನ್ನು ವಿಶೇಷವಾಗಿ ಗಮನಿಸಬೇಕು. ಅವರು ತಮ್ಮ ಹೆಸರಿಗೆ ಕ್ರಯ ಮಾಡಿಸಿಕೊಳ್ಳುವುದೇ ಇಲ್ಲ. ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ, ಜೊತೆಗೆ ಜಿಪಿಎ, ಎಂದರೆ ಒಡೆಯನ ಪರವಾಗಿ ಸಹಿ ಹಾಕುವ ಸಾಮಾನ್ಯ ಅಧಿಕಾರ ಪತ್ರ, ಪಡೆಯುತ್ತಾರೆ, ಮತ್ತು ಆರು ತಿಂಗಳಲ್ಲಿ ಜಮೀನನ್ನು ಮೂರನೆಯವರಿಗೆ ಹೆಚ್ಚಿನ ಬೆಲೆಗೆ ದಾಟಿಸುತ್ತಾರೆ. ಕರಾರು ಮತ್ತು ಜಿಪಿಎಗಳಿಂದ ಒಡೆತನ ವರ್ಗಾವಣೆಯಾಗುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ಆ ಆರು ತಿಂಗಳೂ ಪಹಣಿಯಲ್ಲಿ ಹೆಸರು ಮೂಲ ರೈತನದ್ದೇ. ಕೊನೆಯ ಕ್ರಯಪತ್ರದಲ್ಲಿ ಮಾರಿದವನೆಂದು ನಮೂದಾಗುವವನೂ ಅವನೇ, ಪ್ಯಾನ್ ಸಂಖ್ಯೆಯೂ ಅವನದ್ದೇ. ತನ್ನ ಕೈಗೆ ಬಾರದ ಬೆಲೆಗೆ ತಾನು ಉತ್ತರ ಕೊಡಬೇಕಾದ ಸ್ಥಿತಿ ಹೀಗೆ ಒದಗುತ್ತದೆ. ಜಿಪಿಎ ಕೇಳುವ ಖರೀದಿದಾರನಿಗೆ ಕೈಮುಗಿದು ಹಿಂದಕ್ಕೆ ಕಳಿಸುವುದು, ಎಷ್ಟೇ ಅವಸರವಿದ್ದರೂ, ಒಳಿತು.

ಸಹಿಗಳ ಪ್ರಶ್ನೆ ಬೇರೆಯೇ ಇದೆ. ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತ್ತು. ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಬಳಿಕ ಮದುವೆಯಾದ ಮಗಳ ಹಕ್ಕು ಮಗನ ಹಕ್ಕಿಗೆ ಸಮವೆಂಬುದರಲ್ಲಿ ಸಂದೇಹ ಉಳಿದಿಲ್ಲ. ಅಕ್ಕತಂಗಿಯರನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ ಕ್ರಯ ಇಂದು ಯಾವ ಖರೀದಿದಾರನಿಗೂ ನೆಮ್ಮದಿ ಕೊಡದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ವರ್ಗಾವಣೆ ಅಲ್ಲಿ ಅಸಿಂಧು, ಮತ್ತು ಜಮೀನು ಮರಳಿ ಕೇಳಲು ಕಾಲಮಿತಿ ಅಡ್ಡಿಯಾಗದಂತೆ 2023ರಲ್ಲಿ ತಿದ್ದುಪಡಿಯಾಗಿದೆ. ಇಂಥ ಜಮೀನಿನ ಬಡ ಒಡೆಯರ ಬಳಿಗೇ ಅತಿ ಕಡಿಮೆ ಬೆಲೆಯ ನಗದು ಹೊತ್ತವರು ಬರುತ್ತಾರೆಂಬುದನ್ನು ಹೇಳದಿರುವುದು ಸರಿಯಲ್ಲ. ಕಾಯ್ದೆ ಅವರ ಪರವಾಗಿದೆ ಎಂಬುದನ್ನು ಅವರಿಗೆ ಊರಿನಲ್ಲಿ ಯಾರಾದರೂ ಹೇಳಬೇಕು.

ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಆ ಬದಲಾವಣೆ ಸಣ್ಣ ಹಿಡುವಳಿದಾರರಿಗೆ ಒಳಿತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಮತ್ತು ರೈತ ಸಂಘಟನೆಗಳ ಆತಂಕ ಆಧಾರವಿಲ್ಲದ್ದಲ್ಲ. ಆದರೂ ಮಾರಲೇಬೇಕಾದವರ ಮಟ್ಟಿಗೆ ಅದರಿಂದ ಒಂದು ಅನುಕೂಲವಾಗಿದೆ: ಹಿಂದೆ ಬೇನಾಮಿ ಹೆಸರು ಹುಡುಕುತ್ತಿದ್ದ ಸಂಬಳದಾರ ಈಗ ತನ್ನದೇ ಹೆಸರಿನಲ್ಲಿ, ತನ್ನದೇ ಬ್ಯಾಂಕ್ ಖಾತೆಯಿಂದ ಕೊಳ್ಳಬಲ್ಲ. ಮುಂಗಡವನ್ನು ಖಾತೆಗೆ ಹಾಕಿಸಿಕೊಂಡು, ಅವಧಿ ನಮೂದಿಸಿದ ಕರಾರನ್ನು ನೋಂದಾಯಿಸಿ, ಉಳಿದ ಮೊತ್ತ ಖಾತೆಗೆ ಜಮೆಯಾದ ಸಂದೇಶ ಬಂದ ಬಳಿಕವೇ ಕ್ರಯಪತ್ರಕ್ಕೆ ಹೆಬ್ಬೆರಳು ಒತ್ತುವ ಕ್ರಮವನ್ನು ಅಂಥವನು ತಕರಾರಿಲ್ಲದೆ ಒಪ್ಪುತ್ತಾನೆ.

ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು. ಕ್ರಯಪತ್ರ ಮಾತ್ರ ಕನ್ನಡದಲ್ಲಿ, ಅದೂ ‘ಶುದ್ಧ ಕ್ರಯ’, ‘ಚಕ್ಕುಬಂದಿ’, ‘ಸರ್ವ ಹಕ್ಕುಸಹಿತ’ ಎಂಬ ಕಚೇರಿ ಕನ್ನಡದಲ್ಲಿ ಇರುತ್ತದೆ. ಕಚೇರಿಗೆ ಹೋಗುವ ಹಿಂದಿನ ಸಂಜೆ ಆ ಪತ್ರದ ಕರಡನ್ನು ಮನೆಯ ಜಗಲಿಯಲ್ಲಿ ಎಲ್ಲ ಪಾಲುದಾರರ ಎದುರು, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಎದುರೂ, ಮನೆಮಾತಿನಲ್ಲಿ ಸಾಲುಸಾಲಾಗಿ ಬಿಡಿಸಿ ಹೇಳಿಸಬೇಕು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದ್ದು, ಉತ್ತರಕ್ಕೆ ಹಳ್ಳವೋ ದಾರಿಯೋ ಎಂಬ ನಾಲ್ಕು ದಿಕ್ಕಿನ ವಿವರ ಓದುವಾಗ, ಅರವತ್ತು ವರ್ಷ ಆ ಬದುವಿನ ಮೇಲೆ ನಡೆದಾಡಿದ ಮುದುಕಿಯೊಬ್ಬಳ ಕಣ್ಣಿಗೆ ಬೀಳುವ ತಪ್ಪು ವಕೀಲರ ಕಣ್ಣಿಗೂ ದಲ್ಲಾಳಿಯ ಕಣ್ಣಿಗೂ ಬೀಳದೆ ಹೋಗಬಹುದು, ಮತ್ತು ಅದನ್ನು ತಿದ್ದಿಸಲು ಆಗ ಇನ್ನೂ ಒಂದು ರಾತ್ರಿ ಉಳಿದಿರುತ್ತದೆ.