ಅಡಿಕೆಯ ಹೆಸರು ಹೊತ್ತ ಊರಿನಲ್ಲಿ ಒಂದು ಹಗಲು
ಬ್ರಹ್ಮಪುತ್ರದ ಪ್ರವಾಸಿ ಹಡಗು ಗುವಾಹಟಿಯಲ್ಲಿ ನಿಂತಾಗ ಬೆಳೆಗಾರರು ನೋಡಬೇಕಾದದ್ದು

ಕಾಫಿ ಒಣಗಿ ಕ್ಯೂರಿಂಗಿಗೆ ಹೋಗಿ, ಅಡಿಕೆಯ ಕೊಯ್ಲೂ ಮುಗಿದ ಮೇಲೆ ತೋಟದ ಮನೆಯವರಿಗೆ ನಾಲ್ಕು ದಿನ ಹೊರಗೆ ಹೋಗಿಬರುವ ಮನಸ್ಸಾಗುವುದು ಸಹಜ. ಕಾಶಿ, ರಾಮೇಶ್ವರಗಳ ಜತೆಗೆ ಈಗ ನದಿಯ ಮೇಲಿನ ಹಡಗಿನ ಪ್ರವಾಸವೂ ಬಂದಿದೆ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಗಂಗಾ ವಿಲಾಸ್ ಎಂಬ ಹಡಗು ಬಾಂಗ್ಲಾದೇಶದ ಮೂಲಕ ಸುಮಾರು 3,200 ಕಿ.ಮೀ. ಸಾಗಿ ಫೆಬ್ರವರಿ ಕೊನೆಯಲ್ಲಿ ಅಸ್ಸಾಮಿನ ದಿಬ್ರುಗಢವನ್ನು ಮುಟ್ಟಿತು. ಅಷ್ಟು ದೂರದ, ಅಷ್ಟು ಖರ್ಚಿನ ಯಾತ್ರೆ ಎಲ್ಲರಿಗೂ ಆಗುವಂಥದ್ದಲ್ಲ. ಆದರೆ ಬ್ರಹ್ಮಪುತ್ರದಲ್ಲೇ ಕೆಲವೇ ದಿನ ಸಾಗುವ ಚಿಕ್ಕ ಹಡಗುಗಳೂ ಉಂಟು. ಇವುಗಳ ದಾರಿಯಲ್ಲಿ ಸಿಕ್ಕುವ ದೊಡ್ಡ ಪಟ್ಟಣವೆಂದರೆ ಗುವಾಹಟಿ.

ಈ ಊರಿಗೂ ನಮಗೂ ಒಂದು ನಂಟು ಇದೆ. ಅಸ್ಸಾಮಿ ಭಾಷೆಯಲ್ಲಿ ಗುವಾ ಎಂದರೆ ಅಡಿಕೆ. ಸಂಸ್ಕೃತದಲ್ಲಿಯೂ ಅಡಿಕೆಗೆ ಗುವಾಕ ಎಂಬ ಹೆಸರಿದೆ. ಹಾಟ್ ಎಂದರೆ ಸಂತೆ. ಅಡಿಕೆಯ ಸಂತೆ ನಡೆಯುತ್ತಿದ್ದ ಜಾಗವೇ ಗುವಾಹಟಿಯಾಯಿತೆಂದು ಅಲ್ಲಿನವರು ಹೇಳುವುದು ವಾಡಿಕೆ. ಹೀಗಿದ್ದರೂ ಹಡಗಿನವರು ಕೊಡುವ ಪಟ್ಟಿಯಲ್ಲಿ ದೇವಸ್ಥಾನ, ರೇಷ್ಮೆ ಅಂಗಡಿ, ವಸ್ತುಸಂಗ್ರಹಾಲಯ ಇರುತ್ತವೆಯೇ ಹೊರತು ಅಡಿಕೆ ಇರುವುದು ಅಪರೂಪ. ಸಿಕ್ಕುವ ಒಂದೇ ಹಗಲನ್ನು ಬೆಳೆಗಾರನಾದವನು ಹೇಗೆ ಬಳಸಿಕೊಳ್ಳಬಹುದು, ಅಲ್ಲಿಂದ ಏನನ್ನು ತರಬಹುದು, ಏನನ್ನು ತರಲೇಬಾರದು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ.

ಹಡಗು ನಿಲ್ಲುವುದು ಎಲ್ಲಿ?

ಗುವಾಹಟಿ ಎಂದು ಪಟ್ಟಿಯಲ್ಲಿ ಬರೆದಿದ್ದರೂ ಹಡಗು ಸಾಮಾನ್ಯವಾಗಿ ನಿಲ್ಲುವುದು ಪಟ್ಟಣದ ಪಶ್ಚಿಮಕ್ಕಿರುವ ಪಾಂಡು ಎಂಬ ಬಂದರಿನಲ್ಲಿ. ಪಾಂಡುವಿಗೂ ಪೇಟೆಗೂ ನಡುವೆ ಕಾಮಾಖ್ಯ ದೇವಿಯ ನೀಲಾಚಲ ಬೆಟ್ಟ ಅಡ್ಡವಾಗಿದೆ. ಪೇಟೆಗೆ ಹೋಗಬೇಕಾದರೆ ಬೆಟ್ಟವನ್ನು ಬಳಸಿಕೊಂಡು ಆರೇಳು ಕಿಲೋಮೀಟರ್ ಸಾಗಬೇಕು. ದೂರ ಹೆಚ್ಚಲ್ಲವಾದರೂ ವಾಹನಗಳ ದಟ್ಟಣೆ ಬಹಳ. ಆದ್ದರಿಂದ ಪೇಟೆಗೆ ಹೋಗಿ ಊಟಕ್ಕೆ ಹಡಗಿಗೆ ಮರಳಿ, ಮತ್ತೆ ಪೇಟೆಗೆ ಹೋಗುವ ಯೋಚನೆ ಬೇಡ. ಅದರಲ್ಲೇ ಅರ್ಧ ಹಗಲು ಕಳೆದುಹೋಗುತ್ತದೆ.

ಪಾಂಡು ಹೊಸ ಬಂದರಲ್ಲ. ಅಸ್ಸಾಮಿನ ಚಹಾ ಒಂದು ಕಾಲದಲ್ಲಿ ಉಗಿಹಡಗುಗಳಲ್ಲಿ ಈ ನದಿಯ ಮೂಲಕವೇ ಕಲ್ಕತ್ತೆಗೆ ಹೋಗುತ್ತಿತ್ತು. ಸರಾಯಿಘಾಟ್ ಸೇತುವೆ ಆಗುವ ತನಕ ರೈಲಿನ ಪ್ರಯಾಣಿಕರು ಉತ್ತರ ದಡದ ಅಮೀನ್‌ಗಾಂವ್‌ನಲ್ಲಿ ಇಳಿದು, ದೋಣಿಯಲ್ಲಿ ನದಿ ದಾಟಿ, ಪಾಂಡುವಿನಲ್ಲಿ ಇನ್ನೊಂದು ರೈಲು ಹಿಡಿಯಬೇಕಾಗಿತ್ತು. 1965ರ ಯುದ್ಧದಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಮೂಲಕ ಹೋಗುವ ನೀರಿನ ದಾರಿ ಮುಚ್ಚಿತು. ಹಡಗಿನ ವ್ಯಾಪಾರವೂ ಬಿದ್ದುಹೋಯಿತು. 1988ರಲ್ಲಿ ಧುಬ್ರಿಯಿಂದ ಸದಿಯಾವರೆಗಿನ 891 ಕಿ.ಮೀ. ನದಿಯನ್ನು ಎರಡನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. ಸಾಗಾಟದ ದಾರಿ ಮುಚ್ಚಿದರೆ ಬೆಳೆಗಾರನ ಗತಿ ಏನಾಗುತ್ತದೆಂಬುದು ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿಯುವುದನ್ನು ಕಂಡಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಾವಾಗ ಹೋಗಬೇಕು?

ಬ್ರಹ್ಮಪುತ್ರದ ಪ್ರವಾಸದ ಕಾಲ ಸುಮಾರಾಗಿ ಅಕ್ಟೋಬರಿನಿಂದ ಏಪ್ರಿಲ್ ವರೆಗೆ. ಮಳೆಗಾಲದಲ್ಲಿ ನದಿ ಸಮುದ್ರದಂತೆ ಹರಡಿಕೊಳ್ಳುತ್ತದೆ. ನಮ್ಮ ತೊಡಕು ಏನೆಂದರೆ, ಹಡಗಿಗೆ ಅತ್ಯುತ್ತಮವಾದ ನವೆಂಬರ್, ಡಿಸೆಂಬರ್, ಜನವರಿ ತಿಂಗಳುಗಳೇ ನಮಗೆ ಅರೇಬಿಕಾ ಕೊಯ್ಲಿನ, ಅಡಿಕೆ ಕೊಯ್ಲಿನ ತಿಂಗಳುಗಳು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಕೊಯ್ಲು, ಅದರ ಹಿಂದೆಯೇ ಹೂವಿಗೆ ನೀರು ಹಾಯಿಸುವ ಕೆಲಸ. ಆದ್ದರಿಂದ ಹೂ ಮಳೆಯೋ ತುಂತುರು ನೀರಾವರಿಯೋ ಮುಗಿದ ಮೇಲಿನ ಮಾರ್ಚ್ ಕೊನೆಯ ವಾರವೇ ಬೆಳೆಗಾರರಿಗೆ ಅನುಕೂಲ. ಏಪ್ರಿಲ್ ನಡುಭಾಗದಲ್ಲಿ ಅವರ ಹೊಸ ವರ್ಷದ ಬಿಹು ಹಬ್ಬ. ನೋಡಲು ಸೊಗಸಾದರೂ ಕಚೇರಿಗಳು ಮುಚ್ಚಿರುತ್ತವೆ. ಆಗಲೇ ಬೊರ್ದೊಯ್‌ಸಿಲಾ ಎಂದು ಅವರು ಕರೆಯುವ ಗುಡುಗು ಗಾಳಿಯ ಕಾಟವೂ ಉಂಟು.

ಬೇಸಿಗೆಗೆ ಮುಂಚೆ ನದಿ ಇಳಿದಿರುತ್ತದೆ. ಮರಳಿನ ದಿಬ್ಬಗಳು ವರ್ಷವರ್ಷವೂ ಜಾಗ ಬದಲಿಸುವುದರಿಂದ ಹಡಗುಗಳು ಹಗಲಿನಲ್ಲೇ ಸಾಗಿ, ರಾತ್ರಿ ದಡಕ್ಕೆ ಕಟ್ಟಿ ನಿಲ್ಲುತ್ತವೆ. ನೀರು ಕಡಮೆಯಾದಾಗ ಹೇಳಿದ ಹೊತ್ತಿಗೆ ತಲಪದಿರಬಹುದು. ಗುವಾಹಟಿಯಿಂದ ವಿಮಾನ ಹಿಡಿಯುವವರು ಹಡಗು ಇಳಿಯುವ ದಿನವೇ ಟಿಕೆಟ್ ಮಾಡಿಸದೆ ಮಾರನೆಯ ದಿನಕ್ಕೆ ಮಾಡಿಸುವುದು ಕ್ಷೇಮ.

ಹೊತ್ತಿನ ಲೆಕ್ಕ

ನಮ್ಮವರು ಮೊದಲು ತಪ್ಪುವುದು ಹೊತ್ತಿನ ಲೆಕ್ಕದಲ್ಲಿ. ಗಡಿಯಾರ ಇಡೀ ದೇಶಕ್ಕೆ ಒಂದೇ ಆದರೂ ಸೂರ್ಯ ಅಲ್ಲಿ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಮಾರ್ಚ್ ಕೊನೆಯಲ್ಲೂ ಐದೂ ಮುಕ್ಕಾಲರೊಳಗೆ ಹೊತ್ತು ಮುಳುಗಿರುತ್ತದೆ. ಬೆಳಗ್ಗೆ ಐದೂವರೆಗೆಲ್ಲ ಬೆಳಕಾಗಿರುತ್ತದೆ. ಎಂಟು ಗಂಟೆಗೆ ತಿಂಡಿ ಮುಗಿಸಿ ನಿಧಾನವಾಗಿ ಹೊರಡುವವರು ಎರಡೂವರೆ ಗಂಟೆಯ ಹಗಲನ್ನು ಕಳೆದುಕೊಂಡಂತೆಯೇ ಸರಿ. ಆರಕ್ಕೆ ದಡ ಹತ್ತಬೇಕು, ನಾಲ್ಕಕ್ಕೆ ಮರಳಿ ಹೊರಡಬೇಕು.

ಇನ್ನೊಂದು ಮಾತು. ಒಂದು ಹಗಲಿಗೆ ಒಂದು ದಿಕ್ಕು ಸಾಕು. ಪೂರ್ವಕ್ಕೆ ಪೇಟೆ, ನೈಋತ್ಯಕ್ಕೆ ವಿಮಾನ ನಿಲ್ದಾಣದ ದಾರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ, ಉತ್ತರ ದಡದಲ್ಲಿ ಹಾಜೋ ಮತ್ತು ರೇಷ್ಮೆಯ ಊರು. ಮೂರನ್ನೂ ಒಂದೇ ದಿನ ಮುಗಿಸಲು ಹೊರಟರೆ ನೋಡುವುದು ಕಾರಿನ ಕಿಟಕಿಯಷ್ಟೇ.

ಅಡಿಕೆಯ ಪೇಟೆ

ಪೇಟೆಯ ದಿಕ್ಕು ಹಿಡಿದವರು ನದಿ ದಡದ ಫ್ಯಾನ್ಸಿ ಬಜಾರಿನ ಕಡೆ ಬೆಳಗ್ಗೆಯೇ ಹೋಗಬೇಕು. ಅಲ್ಲಿ ಅಡಿಕೆಗೆ ತಾಮೂಲ್ ಎಂದು ಹೆಸರು. ನಮ್ಮ ತಾಂಬೂಲ ಅವರಲ್ಲಿ ಬರಿಯ ಅಡಿಕೆಯ ಹೆಸರಾಗಿ ನಿಂತಿದೆ. ನಮ್ಮ ಚಾಲಿಯನ್ನೋ ಬೇಯಿಸಿದ ಕೆಂಪಡಿಕೆಯನ್ನೋ ಅಲ್ಲಿ ಹುಡುಕಬೇಡಿ. ಅವರು ಮೆಲ್ಲುವುದು ಸಿಪ್ಪೆಸಹಿತ ಮಾರುವ ಹಸಿ ಹಣ್ಣಡಿಕೆಯನ್ನು. ಮಾರಾಟ ತೂಕದಲ್ಲಲ್ಲ, ಎಣಿಕೆಯಲ್ಲಿ. ನಾಲ್ಕು ಕಾಯಿಗೆ ಒಂದು ಗೊಂಡಾ, ಇಪ್ಪತ್ತು ಗೊಂಡಾಕ್ಕೆ ಒಂದು ಪೋಣ್, ಅಂದರೆ 80 ಕಾಯಿ. ಕಾಲವಲ್ಲದ ಕಾಲಕ್ಕೆಂದು ಹಣ್ಣಡಿಕೆಯನ್ನು ಗುಂಡಿಯಲ್ಲಿ ಹೂತಿಟ್ಟು ಹುಳಿಸಿ ತೆಗೆಯುವ ಪದ್ಧತಿಯೂ ಇದೆ. ಅದರ ವಾಸನೆ ಮೊದಲ ಸಲ ಮೂಗಿಗೆ ಹೊಡೆಯುತ್ತದೆ. ಒಣ ಅಡಿಕೆಯ ರೂಢಿಯವರು ಹಸಿ ತಾಮೂಲನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬಾರದು. ಮೈ ಬಿಸಿಯಾಗಿ, ಬೆವರಿ, ತಲೆ ಸುತ್ತಬಹುದು.

ಅಸ್ಸಾಮಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ತಾಮೂಲ್–ಪಾನ್. ಅದನ್ನು ಬೋಟಾ ಎಂಬ ಕಾಲುಳ್ಳ ಕಂಚಿನ ತಟ್ಟೆಯಲ್ಲಿಟ್ಟು ಎರಡು ಕೈಯಲ್ಲಿ ನೀಡುತ್ತಾರೆ. ಮದುವೆಗೆ ಕರೆಯುವುದೂ ಹೀಗೆಯೇ. ಒಲ್ಲೆನೆಂದು ಕೈ ಆಡಿಸಿ ಮುಂದೆ ಹೋಗುವುದು ಮರ್ಯಾದೆಯಲ್ಲ. ನಮ್ಮ ಮನೆಗಳಲ್ಲಿ ಹರಿವಾಣ ಮುಂದಿಟ್ಟಾಗ ಮುಟ್ಟಿ ನಮಸ್ಕರಿಸುವಂತೆ ಅಲ್ಲಿಯೂ ಮಾಡಬಹುದು.

ಊರ ಹೊರಗಿನ ಹಳ್ಳಿಗಳಲ್ಲಿ ಅಡಿಕೆ ತೋಟವೆಂದರೆ ಬಹುಪಾಲು ಮನೆಯ ಸುತ್ತಲಿನ ಬಾರಿ, ಅಂದರೆ ಹಿತ್ತಿಲು. ನಾವು ಕರಿಮೆಣಸನ್ನು ಹಬ್ಬಿಸುವಂತೆ ಅವರು ಅಡಿಕೆ ಮರಕ್ಕೆ ವೀಳ್ಯದ ಬಳ್ಳಿಯನ್ನು ಹಬ್ಬಿಸುತ್ತಾರೆ. ಅಡಿಕೆ, ಎಲೆ ಎರಡೂ ಒಂದೇ ಮರದಡಿಯಲ್ಲಿ ಸಿಕ್ಕಿದಂತಾಯಿತು.

ಕಾಹಿಕುಚಿ ಮತ್ತು ಒಂದು ಎಚ್ಚರಿಕೆ

ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಕೇಂದ್ರವನ್ನು ನಮ್ಮವರು ಬಲ್ಲರು. ಅದೇ ಸಂಸ್ಥೆಯ ಇನ್ನೊಂದು ಕೇಂದ್ರ ಗುವಾಹಟಿಯ ಹೊರಗೆ ವಿಮಾನ ನಿಲ್ದಾಣದ ಕಡೆ ಕಾಹಿಕುಚಿಯಲ್ಲಿದೆ. ಈಶಾನ್ಯ ಭಾಗಕ್ಕೆಂದು ಆರಿಸಿದ ಕಾಹಿಕುಚಿ ಎಂಬ ಅಡಿಕೆ ತಳಿಗೆ ಈ ಊರಿನದೇ ಹೆಸರು. ಶನಿವಾರ, ಭಾನುವಾರ, ರಜಾದಿನ ಬಿಟ್ಟು, ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು ಹೋದರೆ ಅರ್ಧ ದಿನ ಅಲ್ಲಿ ಸಾರ್ಥಕವಾಗುತ್ತದೆ. ತೋಟದೊಳಗೆ ಯಾವ ಮಿಶ್ರ ಬೆಳೆ ಇಟ್ಟಿದ್ದಾರೆ, ಚಳಿಗಾಲದ ತಂಪನ್ನು ಮರ ಹೇಗೆ ತಾಳುತ್ತದೆ, ಬಸಿಗಾಲುವೆಯನ್ನು ಹೇಗೆ ತೆಗೆದಿದ್ದಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ.

ಎಚ್ಚರಿಕೆ ಇರಬೇಕಾದದ್ದು ಇಲ್ಲಿ. ಒಳ್ಳೆಯ ಮರ ಕಂಡರೆ ನಾಲ್ಕು ಗೋಟು ಚೀಲಕ್ಕೆ ಹಾಕಿಕೊಳ್ಳುವ, ಹಳ್ಳಿಯ ಹಿತ್ತಿಲಿನಿಂದ ಎರಡು ಸಸಿ ತರುವ ಆಸೆ ಬೆಳೆಗಾರನಿಗೆ ಹುಟ್ಟುವುದು ಸ್ವಾಭಾವಿಕ. ದಯವಿಟ್ಟು ತರಬೇಡಿ. ಸುಳ್ಯ, ಶೃಂಗೇರಿ, ಕೊಪ್ಪಗಳಲ್ಲಿ ಹಳದಿ ಎಲೆ ರೋಗ ಎಷ್ಟು ತೋಟಗಳನ್ನು ಬರಿದು ಮಾಡಿದೆಯೆಂದು ನಮ್ಮ ಸದಸ್ಯರೇ ಕಣ್ಣಾರೆ ಕಂಡಿದ್ದಾರೆ. ಜಿಗಿಹುಳು ಮರದಿಂದ ಮರಕ್ಕೆ ಹರಡುವ ಆ ರೋಗಕ್ಕೆ ಇವತ್ತಿಗೂ ಗುಣಪಡಿಸುವ ಮದ್ದಿಲ್ಲ. ಅದರ ಮೇಲೆ ಎಲೆಚುಕ್ಕೆ ರೋಗವೂ ಮಲೆನಾಡನ್ನು ಹಿಡಿದಿದೆ. ಯಾವ ಸಸಿಯ ಜತೆ ಯಾವ ಕೀಟ, ಯಾವ ರೋಗ ಬರುತ್ತದೆಂಬುದು ಕಣ್ಣಿಗೆ ಕಾಣುವುದಿಲ್ಲ. ಒಬ್ಬನ ಆಸೆಯ ಬೆಲೆಯನ್ನು ಊರಿನ ತೋಟಗಳೆಲ್ಲ ತೆರಬೇಕಾದೀತು.

ಹೊರಗಿನ ತಳಿ ಬೇಡವೆಂದು ನಾವು ಹೇಳುತ್ತಿಲ್ಲ. 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯ ಮೂಲ ಚೀನಾ. ಮೋಹಿತನಗರ ತಳಿ ಹೊತ್ತಿರುವುದು ಪಶ್ಚಿಮ ಬಂಗಾಳದ ಊರಿನ ಹೆಸರನ್ನು. ಅವೆರಡೂ ಇಂದು ನಮ್ಮ ತೋಟಗಳಲ್ಲಿವೆ. ಆದರೆ ಅವು ಪ್ರವಾಸಿಯ ಚೀಲದಲ್ಲಿ ಬಂದವಲ್ಲ. ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಪರೀಕ್ಷೆಯಾಗಿ ಬಂದವು. ಕಾಹಿಕುಚಿ ತಳಿ ನಮ್ಮ ಘಟ್ಟದ ಮಳೆಗೆ ಒಗ್ಗುತ್ತದೆಯೇ ಎಂದು ತಿಳಿಯಬೇಕಾದವರು ವಿಟ್ಲದಲ್ಲಿ ವಿಚಾರಿಸಲಿ.

ಚಹಾದ ಹರಾಜು

ಕಾಫಿ ಬೆಳೆಗಾರರು ತಿಳಿಯಬೇಕಾದ ಇನ್ನೊಂದು ಸಂಸ್ಥೆ ಗುವಾಹಟಿಯ ಚಹಾ ಹರಾಜು ಕೇಂದ್ರ. ಅಸ್ಸಾಮಿನಲ್ಲೇ ಬೆಳೆದ ಚಹಾದ ಬೆಲೆ ಬಹುಕಾಲ ಕಲ್ಕತ್ತೆಯಲ್ಲೋ ಲಂಡನ್ನಿನಲ್ಲೋ ನಿರ್ಧಾರವಾಗುತ್ತಿತ್ತು. ಬೆಳೆಯುವ ನಾಡಿನಲ್ಲೇ ಮಾರಾಟ ಆಗಲಿ ಎಂದು 1970ರಲ್ಲಿ ಈ ಕೇಂದ್ರ ಆರಂಭವಾಯಿತು. ಮೂರು ವರ್ಷಗಳ ನಂತರ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದರ ಹಿಂದೆಯೂ ಇದ್ದದ್ದು ಬೆಲೆಯ ಮೇಲೆ ಬೆಳೆಗಾರನಿಗೂ ಒಂದಿಷ್ಟು ಹಿಡಿತ ಇರಬೇಕೆಂಬ ಹಂಬಲವೇ. ಈಗ ಅಲ್ಲಿ ಹರಾಜು ಕಂಪ್ಯೂಟರಿನ ಮೂಲಕ ನಡೆಯುತ್ತದೆ. ಸುತ್ತಿಗೆಯ ಸದ್ದು ಕೇಳುವುದಿಲ್ಲ. ಆದರೆ ಮಾದರಿ ಚಹಾವನ್ನು ಸಾಲಾಗಿ ಇಟ್ಟು ರುಚಿ ನೋಡಿ ದರ್ಜೆ ಕಟ್ಟುವ ಕ್ರಮ ನಮ್ಮ ಕಾಫಿಯ ಕಪ್ ಪರೀಕ್ಷೆಯವರಿಗೆ ಸ್ವಾರಸ್ಯವೆನಿಸೀತು. ಇಲ್ಲಿಗೂ ಮುಂಚಿತ ಒಪ್ಪಿಗೆ ಬೇಕು.

ಅಲ್ಲಿನ ಸಣ್ಣ ಬೆಳೆಗಾರರ ಸ್ಥಿತಿಯನ್ನೂ ವಿಚಾರಿಸಿ. ಅವರಿಗೆ ಸ್ವಂತ ಕಾರ್ಖಾನೆ ಇಲ್ಲ. ಕೊಯ್ದ ಹಸಿರೆಲೆಯನ್ನು ಅಂದೇ ಕಾರ್ಖಾನೆಗೆ ಕೊಡದಿದ್ದರೆ ಕೆಡುತ್ತದೆ. ನಾವು ಕಾಫಿ, ಅಡಿಕೆಗಳನ್ನು ಒಣಗಿಸಿ ದರ ನೋಡಿ ಮಾರಬಹುದು. ಅವರಿಗೆ ಆ ಅವಕಾಶವಿಲ್ಲ. ಒಣಗಿಸಿಡಬಲ್ಲ ಬೆಳೆಯೂ ಅದನ್ನಿಡಲು ಸಂಘದ ಗೋದಾಮೂ ಎಂಥ ಆಸರೆಯೆಂಬುದು ಅವರೊಡನೆ ಮಾತಾಡಿದಾಗ ಗೊತ್ತಾಗುತ್ತದೆ.

ದೇವಸ್ಥಾನ ಮತ್ತು ರೇಷ್ಮೆ

ಕಾಮಾಖ್ಯ ದೇವಿಯ ದರ್ಶನ ಬೇಕೆನ್ನುವವರಿಗೆ ಪಾಂಡುವಿನಿಂದ ಬೆಟ್ಟ ಹತ್ತಿರವೇ. ಈಗಿರುವ ಗುಡಿ 1565ರಲ್ಲಿ ಕೋಚ್ ಅರಸರ ಕಾಲದಲ್ಲಿ ಮತ್ತೆ ಕಟ್ಟಿದ್ದು. ಗರ್ಭಗುಡಿಯಲ್ಲಿ ವಿಗ್ರಹವಿಲ್ಲ, ನೀರು ಒಸರುವ ಬಂಡೆಯ ಸೀಳಿಗೇ ಪೂಜೆ. ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುವುದರಿಂದ ಮುಂಜಾನೆಯೇ ಹೋಗಬೇಕು. ಆ ದಿನ ಬೇರೇನನ್ನೂ ಇಟ್ಟುಕೊಳ್ಳಬಾರದು. ನದಿಯ ನಡುವಿನ ದ್ವೀಪದಲ್ಲಿರುವ ಉಮಾನಂದ ದೇವಾಲಯಕ್ಕೆ ಪೇಟೆಯ ಘಾಟಿನಿಂದ ದೋಣಿ ಉಂಟು. 1671ರಲ್ಲಿ ಲಚಿತ್ ಬರ್‌ಫುಕನ್ ಮೊಗಲರ ಸೈನ್ಯವನ್ನು ಸೋಲಿಸಿದ ಸರಾಯಿಘಾಟ್ ಪಾಂಡುವಿನ ಬಳಿಯೇ ಇದ್ದು, ಹಡಗಿನ ಮೇಲಿಂದಲೇ ನೋಡಬಹುದು.

ರೇಷ್ಮೆಯ ಊರಾದ ಸುವಾಲ್‌ಕುಚಿ ಉತ್ತರ ದಡದಲ್ಲಿ, ಗುವಾಹಟಿಗಿಂತ ಕೆಳಗಡೆ ಇದೆ. ಅನೇಕ ಹಡಗುಗಳು ಅಲ್ಲಿ ಬೇರೆಯಾಗಿಯೇ ನಿಲ್ಲುತ್ತವೆ. ಹಾಗಿದ್ದರೆ ಗುವಾಹಟಿಯಿಂದ ಕಾರು ಮಾಡಿಕೊಂಡು ಹೋಗುವುದು ದುಂದು. ಸಹಜವಾಗಿಯೇ ಹೊಂಬಣ್ಣದ ಮೂಗಾ ರೇಷ್ಮೆ ಆ ನಾಡಿನ ವಿಶೇಷ. ಅದರ ಜತೆ ಅಲ್ಲಿ ನೇಯುವ ಬಿಳಿಯ ಪಾಟ್ ರೇಷ್ಮೆಗೆ ನಮ್ಮ ಕರ್ನಾಟಕದ ನೂಲೂ ಹೋಗುತ್ತದೆ. ಬೇರೆ ನೂಲಿಗೆ ಬಣ್ಣ ಹಾಕಿ ಮೂಗಾ ಎಂದು ಮಾರುವವರೂ ಇರುವುದರಿಂದ ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಳ್ಳಿ.

ನೆನಪಿಡಬೇಕಾದ ಅಂಶಗಳು

1. ಹಡಗು ಎಲ್ಲಿ, ಎಷ್ಟು ಗಂಟೆ ನಿಲ್ಲುತ್ತದೆಂದು ಹಣ ಕಟ್ಟುವ ಮೊದಲೇ ಬರೆಸಿಕೊಳ್ಳಿ. ರಾತ್ರಿ ತಂಗುವ ಹಡಗಾದರೆ ಎರಡು ಹಗಲು ಸಿಕ್ಕೀತು.

2. ನಾಲ್ಕೈದು ಮಂದಿ ಬೆಳೆಗಾರರು ಸೇರಿ ಹೋದರೆ ಬೇರೆ ವಾಹನ ಮಾಡಿಕೊಂಡು ನಿಮ್ಮ ದಾರಿ ನೀವು ಹಿಡಿಯಬಹುದು. ಮರಳುವ ಹೊತ್ತನ್ನು ಹಡಗಿನವರಿಗೆ ತಿಳಿಸಿ ಹೋಗಬೇಕು.

3. ನೀರು ಇಳಿದಾಗ ಮರಳಿನ ಮೇಲೆ ನಡೆದು, ಹಲಗೆ ದಾಟಿ ಹಡಗು ಹತ್ತಬೇಕಾಗಬಹುದು. ವಯಸ್ಸಾದವರು ಊರುಗೋಲು, ಜಾರದ ಚಪ್ಪಲಿ ಇಟ್ಟುಕೊಳ್ಳಲಿ.

4. ಸಂಶೋಧನಾ ಕೇಂದ್ರಕ್ಕೂ ಹರಾಜು ಕೇಂದ್ರಕ್ಕೂ ಒಂದು ತಿಂಗಳು ಮುಂಚೆ ಪತ್ರ ಬರೆಯಿರಿ.

5. ಗೋಟು, ಸಸಿ, ವೀಳ್ಯದ ಬಳ್ಳಿ, ಮಣ್ಣು ಯಾವುದನ್ನೂ ತರಬೇಡಿ. ತೋಟದಲ್ಲಿ ತಿರುಗಾಡಿದ ಚಪ್ಪಲಿಯನ್ನು ತೊಳೆದು ಒಣಗಿಸಿಯೇ ನಮ್ಮ ತೋಟಕ್ಕೆ ಇಳಿಯಿರಿ.

ಕರ್ನಾಟಕದಷ್ಟು ಅಡಿಕೆ ಬೆಳೆಯುವ ರಾಜ್ಯ ಬೇರೊಂದಿಲ್ಲ. ಆದರೂ ಅಡಿಕೆಯನ್ನು ಬೇರೆ ರೀತಿಯಲ್ಲಿ ಬೆಳೆದು, ಎಣಿಸಿ, ಹುಳಿಸಿ, ಗೌರವದಿಂದ ನೀಡುವ ಜನ ಅದೇ ದೇಶದ ಇನ್ನೊಂದು ಮೂಲೆಯಲ್ಲಿದ್ದಾರೆಂಬುದನ್ನು ನೋಡಿ ತಿಳಿಯುವುದು ಒಳ್ಳೆಯದು. ಹೋಗಿ ಬಂದ ಸದಸ್ಯರು ತಾವು ಕಂಡದ್ದನ್ನು ಪತ್ರಿಕೆಗೆ ಬರೆದು ಕಳುಹಿಸಿದರೆ ಹೋಗಲಾರದ ಉಳಿದವರಿಗೂ ಉಪಕಾರವಾದೀತು.