ಪಹಣಿ ಮೊಬೈಲಿಗೆ ಬರುವ ದಾರಿ

ಜಿಐ ಮಾನ್ಯತೆ ಪಡೆದ ಲಿಂಬೆಯ ಊರು ಇಂಡಿ. ಗಿಡದ ನೆರಳಲ್ಲಿ ಕುಳಿತ ರೈತರೊಬ್ಬರು ಮೊಬೈಲಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಆರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಪಹಣಿ ಕಣ್ಣೆದುರು!

ಬಂದದ್ದು ಎಲ್ಲಿಂದ?

ರಾಜ್ಯದ ಹೊಲಗಳ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯ ವೆಬ್‌ಸೈಟಿನಿಂದ. ವೆಬ್‌ಸೈಟ್ ಅಂದರೆ ಒಂದೇ ವಿಳಾಸದಡಿ ಜೋಡಿಸಿಟ್ಟ ಪುಟಗಳ ಕಟ್ಟು. ಆ ಪುಟಗಳು ಫೋನಿನೊಳಗೆ ಇರುವುದಿಲ್ಲ. ಹಗಲು ರಾತ್ರಿ ಚಾಲೂ ಇರುವ ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಇರುತ್ತವೆ.

ರೈತರು ಕೊಟ್ಟದ್ದು ಹೆಸರು: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಯಂತ್ರಗಳಿಗೆ ಬೇಕಾದದ್ದು ಅಂಕಿಯ ವಿಳಾಸ. ಹೆಸರು ಕೇಳಿ ಅಂಕಿ ಹೇಳುವುದು ಡಿಎನ್‌ಎಸ್ ಎಂಬ ವ್ಯವಸ್ಥೆ. ಮನೆತನದ ಹೆಸರು ಹೇಳಿದರೆ ಊರವರು ಬಾಗಿಲು ತೋರಿಸುವಂತೆ. ಆಮೇಲೆ ಕೋರಿಕೆ ಟವರ್ ದಾಟಿ, ಕೇಬಲ್ ಹಿಡಿದು ಸರ್ವರ್ ಮುಟ್ಟುತ್ತದೆ. ಸರ್ವರ್ ಆ ಸರ್ವೆ ನಂಬರನ್ನು ಹುಡುಕಿ, ಪುಟವನ್ನು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಕಳಿಸುತ್ತದೆ. ಫೋನ್ ಅವನ್ನು ಮತ್ತೆ ಜೋಡಿಸುತ್ತದೆ; ಪಹಣಿಯಾಗಿ ತೋರಿಸುವುದು ಅದರಲ್ಲಿರುವ ಬ್ರೌಸರ್.

ಸಿಂದಗಿಯ ಹೊಲವಿರಲಿ, ಮುದ್ದೇಬಿಹಾಳದ ಹೊಲವಿರಲಿ, ದಾರಿ ಇದೇ.

ಜಗತ್ತಿನ ಮೊದಲ ವೆಬ್‌ಸೈಟನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ. 1991ರಲ್ಲಿ, ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದಾಗ, ಅವರು ಅದನ್ನು ಎಲ್ಲರಿಗೂ ತೆರೆದರು. ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲೆಂದು ಹುಟ್ಟಿದ ಆ ದಾರಿಯಲ್ಲೇ ಈಗ ವಚನಗಳೂ ಬರುತ್ತವೆ. ಬಸವನ ಬಾಗೇವಾಡಿಯ ವಿದ್ಯಾರ್ಥಿನಿ 'ವಚನ ಸಂಚಯ' ತಾಣದಲ್ಲಿ ಒಂದು ಪದ ಕೊಟ್ಟರೆ ಸಾಕು. ಅಕ್ಕಮಹಾದೇವಿ, ಅಲ್ಲಮ, ತನ್ನೂರಿನ ಬಸವಣ್ಣನವರು ಆ ಪದ ಬಳಸಿದ ವಚನಗಳು ಸಾಲಾಗಿ ತೆರೆದುಕೊಳ್ಳುತ್ತವೆ.