ಬಯಸಿ ಪಡೆದ ನೋವು

ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಕಡೆ ಮುರುಗನಿಗೆ ಹರಕೆ ಹೊತ್ತವರು ಕೆನ್ನೆಗೆ ಅಲಗು ಚುಚ್ಚಿಸಿಕೊಂಡು ಕಾವಡಿ ಹೊರುತ್ತಾರೆ. ಈ ಕೆನ್ನೆಯಲ್ಲಿ ಹೊಕ್ಕ ಸರಳು ಆ ಕೆನ್ನೆಯಲ್ಲಿ ಹೊರಬಂದಿರುತ್ತದೆ, ಮುಖದಲ್ಲಿ ನರಳಾಟವಿರುವುದಿಲ್ಲ. ಅದು ಭಕ್ತಿ, ಕಾಮದ ಮಾತು ಅಲ್ಲಿಲ್ಲ. ಅದನ್ನಿಲ್ಲಿ ನೆನೆದದ್ದು ಒಂದೇ ಕಾರಣಕ್ಕೆ: ಏಟು ಚರ್ಮಕ್ಕೆ ಬಿದ್ದರೂ ಅದು ಎಂಥ ನೋವೆಂದು ತೀರ್ಮಾನಿಸುವುದು ಮಿದುಳು. ಯಾರಿಂದ, ಯಾವಾಗ, ಯಾಕೆ ಎಂಬುದೆಲ್ಲ ಆ ತೀರ್ಮಾನಕ್ಕೆ ಸೇರುತ್ತದೆ.

ಕೆಲವರಿಗೆ ಪೆಟ್ಟು, ಕಟ್ಟಿಹಾಕಿಸಿಕೊಳ್ಳುವುದು, ಅವಮಾನ ಇವೇ ಕಾಮವನ್ನು ಕೆರಳಿಸುತ್ತವೆ. 1890ರಲ್ಲಿ ಮನೋವೈದ್ಯ ಕ್ರಾಫ್ಟ್-ಎಬಿಂಗ್, ಆಗಿನ್ನೂ ಬದುಕಿದ್ದ ಕಾದಂಬರಿಕಾರ ಸಾಕರ್-ಮಾಸೋಕ್‌ನ ಹೆಸರನ್ನೇ ಇದಕ್ಕೆ ಅಂಟಿಸಿ 'ಮಾಸೋಕಿಸಂ' ಎಂದ. ಬಯಕೆಗೇ ರೋಗದ ಪಟ್ಟ ಬಿತ್ತು. ಅದು ಕಳಚಲು ನೂರು ವರ್ಷ ಮೀರಿತು. ಮನೋವೈದ್ಯರ ರೋಗಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ, ಬಯಕೆ ಆರು ತಿಂಗಳು ತೀವ್ರವಾಗಿದ್ದರೆ ಸಾಲದು. ಅದರಿಂದ ಮನಸ್ಸು ನರಳಿರಬೇಕು, ಇಲ್ಲವೇ ಕೆಲಸ, ಸಂಸಾರ ಕೆಟ್ಟಿರಬೇಕು. ಆಗಷ್ಟೇ ಕಾಯಿಲೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, ಜನ ಏನಂದಾರೋ ಎಂಬ ಅಂಜಿಕೆಯಿಂದ ಹುಟ್ಟಿದ ಸಂಕಟವನ್ನು ಮಾತ್ರ ಹಿಡಿದು ರೋಗ ಎನ್ನುವಂತಿಲ್ಲ ಎಂದಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಸಮುದಾಯದ ನೀತಿನಂಬಿಕೆಗೆ ಹೊಂದದ್ದನ್ನು ಕಾಯಿಲೆಗೆ ಆಧಾರ ಮಾಡಬೇಡಿ ಎನ್ನುತ್ತದೆ. ಇದು ನನಗೆ ತುಂಬ ದೊಡ್ಡ ಮಾತಾಗಿ ಕಾಣುತ್ತದೆ.

ಹಾಗೆಂದು ಅಪಾಯ ಸುಳ್ಳಲ್ಲ. ಕುಂತಲದ ದೊರೆ ಶಾತಕರ್ಣಿ ಪ್ರಣಯದ ಹೊಡೆತದಲ್ಲಿ ರಾಣಿ ಮಲಯವತಿಯನ್ನೇ ಕೊಂದನೆಂದು ಕಾಮಸೂತ್ರದಲ್ಲಿ ವಾತ್ಸ್ಯಾಯನ ಎಚ್ಚರಿಸುತ್ತಾನೆ. ಕುಂತಲವೆಂದರೆ ನಮ್ಮ ಉತ್ತರ ಕರ್ನಾಟಕವೂ ಸೇರಿದ ನಾಡು. ಮಲಯವತಿ ಒಪ್ಪಿದ್ದಳೇ? ವಾತ್ಸ್ಯಾಯನ ಹೇಳುವುದಿಲ್ಲ. ನಾವು ಕೇಳಲೇಬೇಕು. ಒಪ್ಪದವಳಿಗೆ ಬಿದ್ದ ಏಟು ಹಿಂಸೆಯೇ, ಹೊಡೆದವನು ಗಂಡನಾದರೂ.

ಒಪ್ಪಿಗೆಯೂ ಕಾಪಾಡಲಾರದ ಒಂದು ಅಪಾಯವಿದೆ: ಉಸಿರು ಕಟ್ಟಿಸಿಕೊಳ್ಳುವ ಬಯಕೆ. ಮಿದುಳಿಗೆ ರಕ್ತ ನಿಂತ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಬಿಡಿಸಿಕೊಳ್ಳಬೇಕಾದ ಕೈಯೇ ಸೋತುಹೋಗುತ್ತದೆ. ಇದಕ್ಕೆ ಸುರಕ್ಷಿತ ವಿಧಾನವೆಂಬುದಿಲ್ಲ. ಬಿರುಬೇಸಿಗೆಯಲ್ಲೂ ಕತ್ತಿನ ಗೀರು ಮುಚ್ಚಲು ಮಫ್ಲರ್ ಸುತ್ತಿಕೊಂಡು ಓಡಾಡುವಂತಾದರೆ ವೈದ್ಯರ ಬಳಿ ಹೋಗುವ ಹೊತ್ತು ಬಂದಿದೆ.

ಅಲ್ಲಿ ಶಿಕ್ಷೆಯಿಲ್ಲ, ಬುದ್ಧಿವಾದವಿಲ್ಲ. ಜತೆಗೆ ಖಿನ್ನತೆಯಿದೆಯೇ ಎಂದು ನೋಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಬೇಕಾದರೆ ಮಾತ್ರೆ. ಆಂಡರ್ಸನ್‌ಪೇಟೆಯವರು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಮುಖ ತೋರಿಸಲು ಸಂಕೋಚವಾದರೆ ಟೆಲಿ-ಮಾನಸ್ ಸಹಾಯವಾಣಿ ಇದೆ: 14416, ಹಗಲಿರುಳೂ, ಉಚಿತ. ಕನ್ನಡದಲ್ಲೂ ಮಾತಾಡಬಹುದು, ಆಂಡರ್ಸನ್‌ಪೇಟೆಯ ಮನೆಮನೆಯ ತಮಿಳಿನಲ್ಲೂ.